ಶನಿವಾರ ಮಗಳನ್ನು ಒಪ್ಪಿಸಿದ ಬಗ್ಗೆ

ಶಿವಗಂಗಾ ಕೋಂ ರುದ್ರೇಶ, ವಯಸ್ಸು 31 ವರ್ಷ, ಉದ್ಯೋಗ ಹೊಲಿಗೆ, ಸಾ: ಚಿಗಳ್ಳಿ, ತಾ: ಮುಂಡಗೋಡ, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ರುದ್ರೇಶ ಹಳಿಯಾಳದಲ್ಲಿ ಲಾರಿ ಚಾಲಕನಿದ್ದು, ನಾವು ಎರಡು ವರ್ಷದಿಂದ ಬೇರೆ ಇದ್ದೇವೆ. ಏಳು ವರ್ಷದ ಮಗಳು ಸುಮಿತಾ ನನ್ನ ಹತ್ತಿರ ಇರುತ್ತಾಳೆ. ವಿಚ್ಛೇದನದ ಕೇಸು ಮುಗಿಯುವವರೆಗೆ ಪ್ರತಿ ಶನಿವಾರ ಮುಂಜಾನೆ ಅವಳನ್ನು ಅಪ್ಪನಿಗೆ ಒಪ್ಪಿಸಿ, ರವಿವಾರ ಸಂಜೆ ಮರಳಿ ಪಡೆಯಬೇಕೆಂದು ಕೋರ್ಟಿನ ಆದೇಶ ಇರುತ್ತದೆ.

ಕಳೆದ ತಿಂಗಳಿನಿಂದ ಮಗಳು ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳತೊಡಗಿದಳು. ವಿಚಾರಿಸಲಾಗಿ, ಅಪ್ಪ ತನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿ ಹೋಗುತ್ತಾನೆಂದು ತಿಳಿಸಿದಳು. ಮಕ್ಕಳ ರಕ್ಷಣಾ ಕಚೇರಿಯವರು ಆದೇಶ ಬದಲಿಸುವುದು ತಮ್ಮ ಕೈಯಲ್ಲಿಲ್ಲವೆಂದರು. ವಕೀಲರು ಅರ್ಜಿ ಹಾಕಿದ್ದು, ವಿಚಾರಣೆ ಮುಂದಿನ ತಿಂಗಳಿಗೆ ಇದೆ. ಅಲ್ಲಿಯವರೆಗೆ ಕಳಿಸದಿದ್ದರೆ ಆದೇಶ ಮುರಿದಂತಾಗಿ, ಮಗಳು ಪೂರಾ ಅಪ್ಪನ ಪಾಲಾಗಬಹುದೆಂದು ಅವರು ಹೇಳಿದರು.

ದಿನಾಂಕ 14-06-2025 ರಂದು ಮುಂಜಾನೆ 10 ಗಂಟೆಗೆ ಹಳಿಯಾಳ ಬಸ್ ನಿಲ್ದಾಣದಲ್ಲಿ ಮಗಳು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಇಳಿಯಲಿಲ್ಲ. ಕಂಡಕ್ಟರ್ ಅವಸರ ಮಾಡಿದರು. ನಾನೇ ಅವಳ ಬೆರಳು ಒಂದೊಂದಾಗಿ ಬಿಡಿಸಿ, ಇಳಿಸಿ, ರುದ್ರೇಶನಿಗೆ ಒಪ್ಪಿಸಿದೆ.

ಇಂದು ಸಂಜೆ ಆತ ಬಸ್ ನಿಲ್ದಾಣಕ್ಕೆ ಬರಲಿಲ್ಲ. ಫೋನ್ ಬಂದ್ ಇತ್ತು. ಆತನ ಮನೆಗೆ ಹೋಗಲಾಗಿ ಹೊರಗೆ ಕೀಲಿ ಇತ್ತು. ಕೂಗಿದೆ, ಒಳಗಿನಿಂದ ಉತ್ತರ ಬರಲಿಲ್ಲ. ಬಾಜು ಮನೆಯ ರಹೀಮುನ್ನಿಸಾ ಬಂದು, ಹುಡುಗಿ ಒಳಗೇ ಇದ್ದಾಳೆ, ಮಧ್ಯಾಹ್ನ ಕಿಟಕಿಯಿಂದ ತಾನೇ ನೀರು ಕೊಟ್ಟಿದ್ದೇನೆಂದು ಹೇಳಿದರು. 112 ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ಕೀಲಿ ಒಡೆದರು.

ಮಗಳು ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕರೆದರೆ ಹೊರಳಲಿಲ್ಲ. ಮಹಿಳಾ ಪೇದೆ ಜ್ಯೋತಿ ಕೈ ಚಾಚಿದಾಗ ಹೊರಗೆ ಬಂದಳು. ಅಷ್ಟರಲ್ಲಿ ಫೋನಿಗೆ ಸಿಕ್ಕ ರುದ್ರೇಶ, ತಾನು ಲೋಡ್ ತೆಗೆದುಕೊಂಡು ರಾಮನಗರಕ್ಕೆ ಬಂದಿದ್ದು, ಮಗಳಿಗೆ ಬಿಸ್ಕಿಟ್ ಇಟ್ಟಿದ್ದೇನೆ, ತನ್ನ ಮನೆಯ ಕೀಲಿ ಯಾರನ್ನು ಕೇಳಿ ಒಡೆದಿರಿ ಎಂದು ಕೇಳಿದ.

ಠಾಣೆಯಲ್ಲಿ ಜ್ಯೋತಿ ಅವರು, ಯಾರ ಜೋಡಿ ಹೋಗ್ತಿ ಎಂದು ಮಗಳನ್ನು ಕೇಳಿದರು. "ನಿಮ್ಮ ಜೋಡಿನ ಬರ್ತೇನ್ರಿ" ಅಂದಳು. ಅವ್ವ ಬೇಡೇನು ಎಂದು ಕೇಳಿದ್ದಕ್ಕೆ, "ಅವ್ವ ಶನಿವಾರ ಬಂತಂದ್ರ ಮತ್ತ ಕೊಟ್ಟ ಬಿಡ್ತಾಳ" ಅಂದಳು.

ಜ್ಯೋತಿ ಅವರು ನನ್ನ ಕಡೆ ತಿರುಗಿ, "ಇನ್ನ ಕಳಸಂಗಿಲ್ಲಂತ ಅಕಿಗೆ ಒಂದ ಮಾತ ಹೇಳ್ರಿ" ಅಂದರು. ಮಗಳು ನನ್ನ ಮುಖ ನೋಡುತ್ತಿದ್ದಳು. ಆದೇಶ ಇನ್ನೂ ಜಾರಿಯಲ್ಲಿ ಇರುವುದರಿಂದ ನಾನು ಹೇಳಲಿಲ್ಲ.

ಮಗುವನ್ನು ಕೂಡಿಹಾಕಿ ಹೋದವನ ಮೇಲೆ ಕ್ರಮ ಕೋರುತ್ತೇನೆ. ಬರೆದುಕೊಂಡಿದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಸತ್ಯವಿದೆ.

ಸ್ಥಳ: ಹಳಿಯಾಳ
ದಿನಾಂಕ: 15-06-2025
(ಸಹಿ) ಶಿವಗಂಗಾ