ಸ್ಪೋರ್ಟ್ಸ್ ಕಾರಿನ ಕಿಡಿಯ ಸಮಯ ಹಾಗೂ ಕಳುವಾಗಿದೆ ಎನ್ನಲಾದ ರೋಟರ್ ಕುರಿತು

ನಾನು ರಾಜೇಶ್ವರಿ ಗಂಡ ಗುರುಲಿಂಗಪ್ಪ ಹಂಗರಗಿ, ವಯಸ್ಸು 63 ವರ್ಷ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಸಾ: ಮುದ್ದೇಬಿಹಾಳ, ಹಾಲಿ ವಾಸ ಬಸವನ ಬಾಗೇವಾಡಿಯ ಮಗನ ಮನೆ. ಮಗ ಇಂದು ಕೊಟ್ಟ ದೂರಿನಲ್ಲಿ ನನ್ನನ್ನು ಸಾಕ್ಷಿಯೆಂದು ಹೆಸರಿಸಿರುವುದರಿಂದ, ಕರೆಯುವ ಮೊದಲೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ಚೇತನಕುಮಾರ, 31 ವರ್ಷ, ಹಳೆಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದಾನೆ. ಇಂದು ಮಧ್ಯಾಹ್ನ ಅನುಮತಿ ಪಡೆದ ಪಥದಲ್ಲಿ ನಡೆಯಲಿದ್ದ ಓಟಕ್ಕಾಗಿ ಅದಕ್ಕೆ ನೈಟ್ರಸ್ ಸಿಲಿಂಡರ್ ಕೂಡಿಸಿದ್ದನು. ಗುಂಡಿ ಒತ್ತಿದರೆ ಈ ಅನಿಲವು ಎಂಜಿನ್ನಿಗೆ ಹೆಚ್ಚಿನ ಆಮ್ಲಜನಕ ಕೊಟ್ಟು 75 ಅಶ್ವಶಕ್ತಿ ಏರಿಸುತ್ತದೆ.

ನಿನ್ನೆ ಬೆಳಿಗ್ಗೆ 11 ಗಂಟೆಗೆ ಮೆಕ್ಯಾನಿಕ್ ಸಿಕಂದರ, 46 ವರ್ಷ, ನಮ್ಮ ಶೆಡ್ಡಿಗೆ ಬಂದು ಟೈಮಿಂಗ್, ಅಂದರೆ ಕಿಡಿ ಹತ್ತುವ ಸಮಯ, ಹೊಂದಿಸಿದರು. ಪಿಸ್ಟನ್ ತನ್ನ ಮೇಲ್ತುದಿ ಮುಟ್ಟುವ 34 ಡಿಗ್ರಿ ಮೊದಲೇ ಹತ್ತುತ್ತಿದ್ದ ಕಿಡಿಯನ್ನು 30ಕ್ಕೆ ಇಳಿಸಿ ತಡ ಮಾಡಿದರು. ಯಾರಾದರೂ ತಿರುಗಿಸಿದರೆ ಗೊತ್ತಾಗಲೆಂದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಎಂಜಿನ್ನಿನ ಮೇಲೆ ಹಾಯುವಂತೆ ಹಳದಿ ಬಣ್ಣದ ಗೆರೆ ಎಳೆದರು. ಅನಿಲವಿಲ್ಲದೆ ಓಡಿಸಿ ನೋಡಿದ ಮಗ, "ಏನೋ ಮಾಮಾ, ಗಾಡಿ ಮದಲಗಿತ್ತಿ ನಡದಂಗ ನಡಿತೈತಿ" ಎಂದು ಅದರ ನಿಧಾನವನ್ನು ಹಂಗಿಸಿದನು. ಸಿಕಂದರ ಅವರು, "ಮದಲಗಿತ್ತಿ ಮನಿ ಮುಟ್ತಾಳ್ರಿ" ಎಂದು ಹೊರಟರು.

ಸಂಜೆ 4.30ಕ್ಕೆ ಮಗ, ಕಿಡಿಯನ್ನು ತಡ ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದನು. ಅನಿಲ ಹೆಚ್ಚಾದರೆ ಉರಿಯಲು ಹೆಚ್ಚು ಸಮಯ ಬೇಕು, ಆದ್ದರಿಂದ ಕಿಡಿ ಇನ್ನೂ ಬೇಗ ಹತ್ತಬೇಕು ಎಂದು ನಾನು 33 ವರ್ಷ ಪಾಠ ಮಾಡಿದ ಧ್ವನಿಯಲ್ಲೇ ಹೇಳಿದೆನು. ಏಳನೇ ಇಯತ್ತೆಯವರೆಗೆ ಮಾತ್ರ ಓದಿದ ಸಿಕಂದರ ಅವರಿಗೆ ಇದು ತಿಳಿಯದೆಂದೂ ಹೇಳಿದೆನು. ನೈಟ್ರಸ್ ಕಿಟ್ಟಿನ ಕೈಪಿಡಿ ಮೇಜಿನ ಮೇಲೆಯೇ ಇತ್ತು, ತೆರೆಯಲಿಲ್ಲ. ಮಗ ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರ್ ತಿರುಗಿಸಿದನು, ನಾನು ಬ್ಯಾಟರಿ ದೀಪ ಹಿಡಿದಿದ್ದೆನು. ಹಳದಿ ಗೆರೆ ಒಂದು ಜೋಳದ ಕಾಳಿನಷ್ಟು ಸರಿದು ಮುರಿಯಿತು.

5.10ಕ್ಕೆ ಶೆಡ್ಡಿನ ಹಿಂದಿನ ನಮ್ಮ ಖಾಸಗಿ ರಸ್ತೆಯಲ್ಲಿ ಮಗ ನಾಲ್ಕು ಸೆಕೆಂಡು ಗುಂಡಿ ಒತ್ತಿದನು. ತಗಡಿನ ಮೇಲೆ ಕಡಲೆ ಸುರಿದಂತೆ ಸದ್ದಾಯಿತು. ಅದು ಶಕ್ತಿಯ ಸದ್ದೆಂದು ತಿಳಿದು ನಾನು ಚಪ್ಪಾಳೆ ತಟ್ಟಿದೆನು.

ಇಂದು ಬೆಳಿಗ್ಗೆ 8.10ಕ್ಕೆ ಸಿಕಂದರ ಅವರು ಯಾರೂ ಕರೆಯದೆ ಕಾರನ್ನು ಓಟಕ್ಕೆ ಕಳಿಸಿಕೊಡಲು ಬಂದರು. ಮುರಿದ ಗೆರೆ ನೋಡಿ ಟೈಮಿಂಗ್ ದೀಪ ಹಿಡಿದು ಅಳೆದರು, 36 ಡಿಗ್ರಿ ಇತ್ತು. ಕಿಡಿ ಹತ್ತಿಸುವ ಮೂರನೇ ಪ್ಲಗ್ ಬಿಚ್ಚಿ ನನ್ನ ಕೈಗಿಟ್ಟು, "ಅಕ್ಕಾರ, ಆ ಗ್ಯಾಸ್ ಹೊಕ್ಕಮ್ಯಾಗ ಬೆಂಕಿ ನಡಿಯೂದಿಲ್ರಿ, ಓಡ್ತೈತಿ. ಓಡಾವನ್ನ ತಡಾ ಮಾಡಿ ಬಿಡಬೇಕ್ರಿ" ಎಂದರು. ಮಗ ಕೇಳದೆ, ಬೇರೆ ಪ್ಲಗ್ ಹಾಕಿಕೊಂಡು ಹೋಗುತ್ತೇನೆಂದನು. 8.25ಕ್ಕೆ ಸಿಕಂದರ ಅವರು ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು. ಅದಿಲ್ಲದೆ ಎಂಜಿನ್ ಹತ್ತುವುದಿಲ್ಲ. ಮಗ, "ಕಳವು ಮಾಡಾಕತ್ತಿಯೇನ್ಲೇ?" ಎಂದನು. ಅವರು, "ಹೌದ್ರಿ, ಬರಸ್ರಿ. ನಡೀರಿ ಠಾಣೆಕ್ಕ, ನಾನೂ ಬರ್ತೇನಿ" ಎಂದರು. ಇಬ್ಬರೂ ಒಂದೇ ಆಟೋದಲ್ಲಿ ಇಲ್ಲಿಗೆ ಬಂದರು.

8.40ಕ್ಕೆ ನಾನು ಭೂತಗನ್ನಡಿಯಿಂದ ಪ್ಲಗ್ ನೋಡಿದೆನು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಅಲ್ಯುಮಿನಿಯಂ ಕಣಗಳು ಹೊಳೆಯುತ್ತಿದ್ದವು. ಅವು ಪಿಸ್ಟನ್ನಿನವು; ನಾನು ಚಪ್ಪಾಳೆ ತಟ್ಟಿದ್ದು ಪಿಸ್ಟನ್ ಏಟು ತಿನ್ನುತ್ತಿದ್ದ ಸದ್ದಿಗೆ. ಆಮೇಲೆ ಕೈಪಿಡಿ ಓದಿದೆನು. ಪ್ರತಿ 50 ಅಶ್ವಶಕ್ತಿಗೆ ಕಿಡಿಯನ್ನು ಎರಡು ಡಿಗ್ರಿ ತಡ ಮಾಡಬೇಕೆಂದಿತ್ತು. ನಮ್ಮ ಲೆಕ್ಕಕ್ಕೆ ಮೂರು. ಇಲ್ಲಿಯ ಬಿಸಿಲು ಬಲ್ಲ ಸಿಕಂದರ ಅವರು ಇನ್ನೊಂದು ಸೇರಿಸಿದ್ದರು. ನಾನು ಹೇಳಿದ್ದು ತಿರುವುಮುರುವಾಗಿತ್ತು. ನೂರೈವತ್ತರ ವೇಗದಲ್ಲಿ ಆ ಎಂಜಿನ್ ಒಡೆದಿದ್ದರೆ ಕಾರಿನಲ್ಲಿ ನನ್ನ ಮಗ ಒಬ್ಬನೇ ಇರುತ್ತಿದ್ದನು.

9.35ಕ್ಕೆ ಮಗ ಫೋನ್ ಮಾಡಿ, ಕಳವನ್ನು ಕಣ್ಣಾರೆ ಕಂಡೆನೆಂದು ನಾನು ಠಾಣೆಗೆ ಬಂದು ಬರೆಸಬೇಕೆಂದನು. ನಾನು ಒಪ್ಪದಿದ್ದಾಗ, "ಅವ್ವಾ, ನೀ ನನಗ ಅವ್ವನೋ, ಅವನ ವಕೀಲಳೋ?" ಎಂದನು. 1998ರಲ್ಲಿ ಕಾಲೇಜಿನ ಪ್ರಯೋಗಾಲಯದ ಬ್ಯಾಟರಿ ಕಳುವಾದಾಗ, ಬೇರೆಯವರು ಬರೆದ ಕಾಗದಕ್ಕೆ ಓದದೆ ಸಹಿ ಹಾಕಿ ಒಬ್ಬ ಜವಾನನನ್ನು ನಾಲ್ಕು ತಿಂಗಳು ಕಳ್ಳನನ್ನಾಗಿ ಮಾಡಿದ್ದೆನು. ಇನ್ನೊಮ್ಮೆ ಮಾಡಲಾರೆ.

ಸಿಕಂದರ ಅವರು ಕಳವು ಮಾಡಿಲ್ಲ. ಟೈಮಿಂಗ್ ಕೆಡಿಸಿದ್ದು ನನ್ನ ಮಾತು. ಶೆಡ್ಡಿನಲ್ಲೇ ಅವರಿಗೆ ಹೇಳಬೇಕಾಗಿದ್ದ ಕೃತಜ್ಞತೆಯನ್ನು ಆಗ ಹೇಳಲಿಲ್ಲ. ಅವರು ಈಗ ಹೊರಗಿನ ಬೆಂಚಿನ ಮೇಲೆ ನನ್ನ ಮಗನ ಪಕ್ಕದಲ್ಲಿ ಕುಳಿತಿದ್ದಾರೆ. ಆದ್ದರಿಂದ ಈ ಹೇಳಿಕೆಯನ್ನು ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಬರೆಸಿದ್ದೇನೆ.

ಬರೆದುಕೊಂಡದ್ದನ್ನು ನಾನೇ ಎರಡು ಸಲ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 13-04-2025, ಬೆಳಿಗ್ಗೆ 11.20
ಸಹಿ: ರಾಜೇಶ್ವರಿ ಗು. ಹಂಗರಗಿ