ಅಳಿಯನ ಹೆಸರಿನ ಕೆಳಗೆ

ಬೆರಳಿಗೆ ಹೊಲಿಗೆ ಯಂತ್ರದ ಸೂಜಿ ಚುಚ್ಚಿಸಿಕೊಂಡ ದರ್ಜಿಯಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಡಾಕ್ಟರಿಗಾಗಿ ಕಾಯುತ್ತಿದ್ದಳು. ಇಂಜಿನಿಯರಿಂಗ್ ಕಾಲೇಜಿನ ಜವಾನ ಇಬ್ಬರನ್ನು ಕರೆತಂದು ಅವಳ ಪಕ್ಕದಲ್ಲೇ ಕೂರಿಸಿ ಚೀಟಿ ಮಾಡಿಸಲು ಹೋದ. ಒಬ್ಬರು ಹಿರಿಯ ಪ್ರೊಫೆಸರು. ತುಟಿ ಸೀಳಿ ಅಂಗಿಯೆಲ್ಲ ರಕ್ತ. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಈಗ ಅಲ್ಲೇ ಹೊಸದಾಗಿ ಸೇರಿದ ಮೇಡಂ. ಅವಳ ಮುಷ್ಟಿ ಊದಿಕೊಂಡಿತ್ತು.

“ಎರಡು ಹಲ್ಲು ಉದುರಿಸಿದೆಯಲ್ಲೇ, ರಾಕ್ಷಸಿ!”

“ಇನ್ನೂ ಹೊಡೀತಿದ್ದೆ ಸಾರ್. ಜವಾನ ಹಿಡ್ಕೊಂಡ.”

“ಸಂಶೋಧನೆಗೆ ದುಡ್ಡು ಸಿಗಲಿಲ್ಲ ಅಂತ ಗುರುವಿನ ಮೇಲೇ ಕೈ ಮಾಡೋದಾ?”

“ಬರೀ ದುಡ್ಡು ಸಿಗದಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಸೇತುವೆಯ ಬಿರುಕನ್ನ ಮೊದಲೇ ಪತ್ತೆ ಮಾಡೋ ಯಂತ್ರ ನನ್ನದು. ‘ಹೊಸಬಳು, ಅನುಭವ ಸಾಲದು’ ಅಂತ ಸಮಿತಿಯಲ್ಲಿ ತಳ್ಳಿಹಾಕಿದ್ರಿ. ಆಮೇಲೆ ಅದನ್ನೇ ನಿಮ್ಮ ಅಳಿಯನ ಹೆಸರಲ್ಲಿ ಮಂಜೂರು ಮಾಡಿಸಿದ್ರಿ.”

ಪ್ರೊಫೆಸರು ಕರವಸ್ತ್ರಕ್ಕೆ ರಕ್ತ ಉಗಿದು ದನಿ ತಗ್ಗಿಸಿದರು.

“ನೋಡಮ್ಮ, ಬಾಗಿಲಲ್ಲಿ ಪೊಲೀಸಿನವನು ನಿಂತಿದ್ದಾನೆ. ಕೇಸಾದ್ರೆ ನಿನ್ನ ಕೆಲಸ ಹೋಗುತ್ತೆ. ಮೆಟ್ಟಿಲಿಂದ ಬಿದ್ದೆ ಅಂತೀನಿ. ಯೋಜನೆಯಲ್ಲಿ ನಿನ್ನ ಹೆಸರನ್ನೂ ಸೇರಿಸ್ತೀನಿ, ಅಳಿಯನ ಹೆಸರಿನ ಕೆಳಗೆ.”

“ಕೆಳಗೆ?”

“ಹೂಂ. ಬಾಯಿ ಮುಚ್ಕೊಂಡಿದ್ರೆ.”

ಹುಡುಗಿ ಇನ್ನೊಂದು ಬಿಗಿದೇಬಿಡುತ್ತಾಳೆ ಅಂದುಕೊಂಡು ದರ್ಜಿಯಮ್ಮ ಬೆಂಚಿನ ಅಂಚಿಗೆ ಸರಿದಳು. ಹುಡುಗಿ ಎದ್ದವಳೇ ನೇರ ಬಾಗಿಲಿಗೆ ನಡೆದಳು.

“ಇವರನ್ನ ಹೊಡೆದದ್ದು ನಾನೇ, ಬರ್ಕೊಳ್ಳಿ. ಯಾಕೆ ಹೊಡೆದೆ ಅನ್ನೋದನ್ನೂ ಪೂರ್ತಿ ಬರ್ಕೊಳ್ಳಿ.”

“ಏಯ್, ನಿಲ್ಲೇ!” ಎನ್ನುತ್ತ ಪ್ರೊಫೆಸರು ನೆಲಕ್ಕೆಲ್ಲ ರಕ್ತ ತೊಟ್ಟಿಕ್ಕಿಸಿಕೊಂಡು ಅವಳ ಹಿಂದೆ ಓಡಿದರು.