ಆಯಿಯ ದನಿಗೆ ಪೇಟಿ

ಒಂದು ಊರು. ಅಲ್ಲಿ ಅನುಕೂಲಸ್ಥನೊಬ್ಬ ಇದ್ದ ಅಂತ ತಿಳ್ಕೊಳ್ಳಿ. ಆ ಊರ ಮಠದ ಸೋಮವಾರದ ಭಜನೆಯಲ್ಲಿ ಮುಂದಾಗಿ ಹಾಡುವವಳು ಒಬ್ಬ ಮುದುಕಿ. ಎಲ್ಲರಿಗೂ ಆಕೆ ಆಯಿ. ಆಕೆಗೆ ಹಾರ್ಮೋನಿಯಂ, ಅದೇ ನಮ್ಮ ಪೇಟಿ, ಬಾರಿಸುತ್ತಿದ್ದ ಹಿರಿಯ ತೀರಿಕೊಂಡ. ಆಯಿ ಅಂದಳು: "ಪೇಟಿ ಆಸರ ಇಲ್ಲದ ನನ್ನ ದನಿ ನಿಲ್ಲಂಗಿಲ್ಲ. ಇನ್ನ ಹಾಡೂದು ಬಿಡತೀನಿ."

ಆ ಅನುಕೂಲಸ್ಥ ಅಲ್ಲೇ ಕೂತಿದ್ದ, ಕೇಳಿಸಿಕೊಂಡ. "ನಾ ಇಲ್ಲೇನ ಆಯಿ? ನಾ ಬಾರಸ್ತೀನಿ" ಅಂದ. ಪೇಟಿ ತರಿಸಿದ, ಫೋನಿನಲ್ಲಿ ಪೇಟಿ ಕಲಿಸುವ ವಿಡಿಯೊ ಹಚ್ಚಿದ. ಆಯಿ ಹಾಡುವ ಭಜನೆಯೇ ಅದರಲ್ಲಿತ್ತು. ಅದರೊಳಗಿನ ಮಾಸ್ತರು ಪೇಟಿಯ ಯಾವ ಪಟ್ಟಿಯ ಮೇಲೆ ಬೆರಳಿಟ್ಟರೋ ಅದರ ಮೇಲೇ ಇವನೂ ಇಟ್ಟ. ತಪ್ಪಿದರೆ ಹಿಂದಕ್ಕೆ ಎಳೆದು ಮತ್ತೆ ನೋಡಿದ. ನಲವತ್ತು ದಿನ, ನೋಡಿ, ಒಂದು ದಿನವೂ ತಪ್ಪಿಸಲಿಲ್ಲ. ಶ್ರದ್ಧೆ ಇತ್ತೋ ಇಲ್ಲವೋ? ಇತ್ತು. ಮತ್ತೆ ಎಲ್ಲಿ ಎಡವಿದ?

ಸೋಮವಾರ ಬಂತು. ಪೇಟಿಯಲ್ಲಿ ಒಂದು ಸುರವೂ ತಪ್ಪಲಿಲ್ಲ. ಆಯಿ ಬಾಯಿ ತೆರೆದಳು. ಪೇಟಿಯ ಸುರ ಮೇಲೆ, ಆಯಿಯ ದನಿ ಕೆಳಗೆ.

"ಆಯಿ, ಒಂಚೂರು ಏರಿಸಿ ಹಾಡು."

ಏರಿಸಿದಳು. ಎರಡನೆಯ ನುಡಿಗೆ ಕೆಮ್ಮು ಬಂತು, ದನಿ ಒಡೆಯಿತು. ಕೈತಾಳ ಕೆಳಗಿಟ್ಟಳು.

"ಛಲೋ ಬಾರಸ್ತೀಯಪ್ಪಾ. ಯಾರಿಗೆ ಬಾರಸ್ತಿ?"

"ವಿಡಿಯೊದಾಗ ಮಾಸ್ತರು ಎರಡನೇ ಕರಿ ಪಟ್ಟಿಯಿಂದನ ಸುರು ಮಾಡ್ಯಾರ ಆಯಿ."

"ಅವರು ನನ್ನ ದನಿ ಕೇಳ್ಯಾರೇನು?"

ಹಿಂದಿನಿಂದ ಯಾರೋ, "ಆ ಫೋನಿಗೇ ಹಾಡಾಕ ಹೇಳೋ ಮಾರಾಯ" ಅಂದರು. ಎಲ್ಲರೂ ನಕ್ಕರು. ಆಯಿ ನಗಲಿಲ್ಲ.

ಮರುದಿನ ಆತ ಪೇಟಿ ಹೊತ್ತು ಆಯಿಯ ಅಂಗಳಕ್ಕೆ ಹೋದ. ಆಯಿ ಹಿಟ್ಟು ನಾದುತ್ತ ಗುನುಗಿದಳು. ಇವನು ಒಂದೊಂದೇ ಪಟ್ಟಿ ಒತ್ತಿ ಆ ದನಿಯನ್ನು ಹುಡುಕಿದ. ಕೆಳಗಿನ ಐದನೇ ಕರಿ ಪಟ್ಟಿಗೆ ಬಂದಾಗ ಆಯಿ ಕೈ ನಿಲ್ಲಿಸಿ ತಲೆದೂಗಿದಳು. ಅಲ್ಲಿಂದ ಹಿಡಿದರೆ ಬೆರಳಿನ ದಾರಿಯೆಲ್ಲ ಬೇರೆ. ಮುಂದಿನ ಸೋಮವಾರಕ್ಕೆ ಅವನ ಕೈಗೆ ಹತ್ತಿದ್ದು ಎರಡೇ ಸುರ, ಸ ಮತ್ತು ಪ. ಅವೆರಡನ್ನೇ ಒತ್ತಿಕೊಂಡು ಕೂತ. ಆಯಿ ಭಜನೆ ಪೂರ್ತಿ ಹಾಡಿದಳು. ಪೂರ್ತಿ!

ವಿಡಿಯೊ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಉಳಿದ ಸುರ ಕಲಿಯೋದಕ್ಕೆ ಆತ ಮತ್ತೆ ಅದನ್ನೇ ಹಚ್ಚಿದ, ಪಟ್ಟಿ ಮಾತ್ರ ಆಯಿಯ ದನಿಗೆ ಹೊಂದಿಸಿಕೊಂಡ. ಆದರೆ ಅದು ತೋರಿಸ್ತದೆ, ನಿಮ್ಮನ್ನು ಕೇಳಿಸಿಕೊಳ್ಳೋದಿಲ್ಲ. ನನ್ನ ಪ್ರವಚನವೂ ನಿಮ್ಮ ಫೋನಿಗೆ ಬರ್ತದಲ್ಲ, ನಿಮ್ಮ ಮನೆಯ ಕಷ್ಟ ಅದಕ್ಕೇನು ಗೊತ್ತು?

ಪೇಟಿ ಕಲಿಯುವ ಮಗಳ ಮುಂದೆ ಫೋನು ನಿಲ್ಲಿಸಿ, "ನೋಡಿಕೊಂಡು ಬಾರಿಸು" ಅಂತ ಒಳಗೆ ಹೋಗ್ತೀರಲ್ಲ ತಾಯಂದಿರೆ? ತಂದೆಯರೇ, ನೀವು? ನಾಳೆ ಹತ್ತು ನಿಮಿಷ ನೋಡಲಿ. ಆಮೇಲೆ ಫೋನು ಬೋರಲು ಹಾಕಿ. ಎದುರಿಗೆ ಕೂತು ನೀವೇ ಒಂದು ನುಡಿ ಹಾಡಿ, ನಿಮ್ಮ ದನಿ ಹೇಗಿದೆಯೋ ಹಾಗೇ. ಅವಳು ಪೇಟಿಯಲ್ಲಿ ಆ ದನಿಯನ್ನು ಹುಡುಕಲಿ. ಸಿಗೋದು ತಡವಾಗ್ತದೆ. ಎದ್ದು ಹೋಗಬೇಡಿ.